ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ತೊಂದರೆಯೇ? ಸೆಟ್ ವಾಪಸ್ ಕೊಡುವ ಮುಂಚೆ ವೈರ್ ನೋಡಿ

ಮೈಸೂರಿನಲ್ಲಿರುವ ನಮ್ಮ ಅಕ್ಕನ ಮನೆಯ ಕಾರಿಗೆ ಹೋದ ವರ್ಷ ಹೊಸ ಮ್ಯೂಸಿಕ್ ಸಿಸ್ಟಮ್ ಹಾಕಿಸಿದ್ದರು. ಕಂಪನಿಯಿಂದ ಬಂದ ಹಳೇ ಸೆಟ್‌ನಲ್ಲಿ ಬ್ಲೂಟೂತ್ ಇರಲಿಲ್ಲ. ಸಿಡಿ ಓಡೋದು ನಿಂತು ಎಷ್ಟೋ ಕಾಲವಾಗಿತ್ತು. ಅದನ್ನು ತೆಗೆಸಿ ಏಳು ಇಂಚಿನ ಟಚ್ ಸ್ಕ್ರೀನ್ ಕೂರಿಸಿದರು. ತಿಂಗಳೊಳಗೆ ಮೂರು ತೊಂದರೆ ಶುರುವಾದವು. ಕೀ ತೆಗೆದು ಮತ್ತೆ ಹಾಕಿದರೆ ಗಡಿಯಾರ, ಉಳಿಸಿಟ್ಟ ಸ್ಟೇಷನ್ ಎಲ್ಲಾ ಮಾಯ. ಎಂಜಿನ್ ಓಡುತ್ತಿದ್ದರೆ ಹಾಡಿನ ಹಿಂದೆ ಗುಂಯ್ ಅನ್ನುವ ಸದ್ದು. ಮೂರನೆಯದು ಭಾವನಿಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರು ತಂದಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅವರು ಕೇಳುವ ಮೈಸೂರು ಆಕಾಶವಾಣಿ, ಅದೂ ಮೈಸೂರಿನಲ್ಲೇ, ಬರುತ್ತಿರಲಿಲ್ಲ.

"ಸೆಟ್ಟೇ ಸರಿಯಿಲ್ಲ ಕಣೋ, ವಾಪಸ್ ಕೊಟ್ಟುಬಿಡೋಣ" ಅಂದರು ಭಾವ.

"ಒಂದು ಭಾನುವಾರ ಕೊಡಿ ಭಾವ, ಬಿಚ್ಚಿ ನೋಡ್ತೀನಿ" ಅಂದೆ.

ಸೆಟ್ ಚೆನ್ನಾಗಿಯೇ ಇತ್ತು. ಎರಡು ತೊಂದರೆ ವೈರಿಂಗ್‌ನಲ್ಲಿದ್ದವು, ಒಂದು ಸೆಟ್ಟಿಂಗ್‌ನಲ್ಲಿತ್ತು. ಅಂದಿನಿಂದ ಇಂದಿನವರೆಗೆ ನೆಂಟರ, ಗೆಳೆಯರ ಏಳೆಂಟು ಕಾರು ನೋಡಿದ್ದೇನೆ. ಸೆಟ್ ನಿಜವಾಗಿ ಕೆಟ್ಟಿದ್ದದ್ದು ಒಂದರಲ್ಲಿ ಮಾತ್ರ. ಮಿಕ್ಕವೆಲ್ಲ ಜಾಯಿಂಟ್, ಅರ್ಥ್ (ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ), ಅದಲುಬದಲಾದ ವೈರ್. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಸೆಟ್ ಬಿಚ್ಚುವ ಕ್ರಮ, ಆಮೇಲೆ ಯಾವ ತೊಂದರೆಗೆ ಎಲ್ಲಿ ಅಳೆಯಬೇಕು ಅನ್ನುವುದು. ಸ್ವಂತವಾಗಿ ಸೆಟ್ ಬದಲಾಯಿಸುವವರಿಗೂ ಇದು ಆಗುತ್ತದೆ, ಅಂಗಡಿಯಲ್ಲಿ ಹಾಕಿಸಿ ತಲೆನೋವು ಪಡುತ್ತಿರುವವರಿಗೂ ಆಗುತ್ತದೆ.

ಕೈಯಲ್ಲಿ ಏನಿರಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕೇ ಬೇಕು. ಕಡಿಮೆ ಬೆಲೆಯದೇ ಸಾಕು, ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಎರಡನೆಯದು ಇಂಡಿಕೇಟರ್‌ಗೆ ಹಾಕುವ 12 ವೋಲ್ಟ್, 21 ವಾಟ್ ಬಲ್ಬ್. ಅದಕ್ಕೆ ಮೊಳದುದ್ದದ ಎರಡು ವೈರ್ ಬೆಸುಗೆ ಹಾಕಿ ಇಟ್ಟುಕೊಳ್ಳಿ. ಈ ಬಲ್ಬ್ ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ, ಇಡೀ ಕೆಲಸದಲ್ಲಿ ಅದೇ ಮುಖ್ಯ. ಗೋಡೆ ಗಡಿಯಾರದ ಒಂದು ಸೆಲ್, ಹತ್ತು ಎಂ.ಎಂ. ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್, ಪ್ಲಾಸ್ಟಿಕ್‌ನ ಚಪ್ಪಟೆ ಮೀಟುಗೋಲು, ಒಂದು ಹಳೇ ಟವೆಲ್. ಇಷ್ಟಿದ್ದರೆ ಶುರು ಮಾಡಬಹುದು.

ಬಿಚ್ಚುವ ಮುಂಚೆ

ಹತ್ತು ನಿಮಿಷ ಕಾರಿನಲ್ಲಿ ಸುಮ್ನೆ ಕೂತು ಕೇಳಿ. ಬ್ಯಾಲೆನ್ಸ್ (ಎಡ-ಬಲ), ಫೇಡರ್ (ಮುಂದೆ-ಹಿಂದೆ) ತಿರುಗಿಸಿ ನಾಲ್ಕೂ ಸ್ಪೀಕರ್ ಒಂದೊಂದಾಗಿ ಓಡಿಸಿ. ಯಾವುದು ಹಾಡುತ್ತದೆ, ಯಾವುದು ಇಲ್ಲ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಹೊಸ ಸೆಟ್ ಹಾಕಿದ ಮೇಲೆ ಹಿಂದಿನ ಬಲ ಸ್ಪೀಕರ್ ಸತ್ತಿದೆ ಅಂತ ಗಾಬರಿಯಾಗುವವರಲ್ಲಿ ಎಷ್ಟೋ ಜನರಿಗೆ ಅದು ಮೊದಲೇ ಸತ್ತಿದ್ದದ್ದು ಗೊತ್ತಿರುವುದಿಲ್ಲ.

ಕೆಲವು ಯುರೋಪಿಯನ್ ಕಾರುಗಳ ಕಂಪನಿ ಸೆಟ್ ಬ್ಯಾಟರಿ ಬಿಚ್ಚಿ ಹಾಕಿದರೆ ನಾಲ್ಕಂಕಿಯ ಕೋಡ್ ಕೇಳುತ್ತದೆ. ಆ ಕೋಡ್ ಕಾರಿನ ಪುಸ್ತಕದಲ್ಲಿ ಅಥವಾ ಅದರೊಳಗಿನ ಕಾರ್ಡಿನಲ್ಲಿ ಇದೆಯೇ ಎಂದು ಮೊದಲೇ ನೋಡಿ. ಇಲ್ಲದಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ತೆಗೆದುಕೊಳ್ಳಿ.

ಆಮೇಲೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಮೈನಸ್ಸೇ ಮೊದಲು ಯಾಕೆ ಅಂದರೆ, ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಮೈನಸ್ ಮೊದಲೇ ತೆಗೆದಿದ್ದರೆ ಸರ್ಕ್ಯೂಟೇ ಇರುವುದಿಲ್ಲ. ಬಿಚ್ಚಿದ ಮೇಲೆ ಐದು ನಿಮಿಷ ಕಾಯಿರಿ. ಏರ್‌ಬ್ಯಾಗ್ ಘಟಕದೊಳಗಿನ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಕಪ್ಲರ್ (ವೈರ್‌ಗಳ ತುದಿಯ ಪ್ಲಾಸ್ಟಿಕ್ ಪ್ಲಗ್) ಅಥವಾ ಹಳದಿ ಕೊಳವೆಯಲ್ಲಿ ಬಂದ ವೈರ್ ಕಂಡರೆ ಅದು ಏರ್‌ಬ್ಯಾಗ್‌ನದು. ಅದನ್ನು ಬಿಚ್ಚಬೇಡಿ, ಅದಕ್ಕೆ ಮೀಟರ್ ಇಡಬೇಡಿ. ಬಟನ್ ಸ್ಟಾರ್ಟ್ ಕಾರಾದರೆ ಬ್ಯಾಟರಿ ಬಿಚ್ಚುವ ಮುಂಚೆಯೇ ಒಂದು ಕಿಟಕಿ ಇಳಿಸಿಟ್ಟಿರಿ, ಬಾಗಿಲು ಲಾಕ್ ಆದರೂ ಒಳಗೆ ಕೈ ಹಾಕಬಹುದು.

ಸೆಟ್ ಹೊರಗೆ ತೆಗೆಯುವುದು

ಸೆಟ್ಟಿನ ಸುತ್ತಲಿನ ಪ್ಲಾಸ್ಟಿಕ್ ಫ್ರೇಮ್ ಬಹುತೇಕ ಕಾರುಗಳಲ್ಲಿ ಕ್ಲಿಪ್ಪಿನ ಮೇಲೆ ನಿಂತಿರುತ್ತದೆ. ಮೀಟುಗೋಲನ್ನು ಕೆಳಗಿನ ಮೂಲೆಯಲ್ಲಿ ತೂರಿಸಿ, ಪಕ್ಕದ ಕ್ಲಿಪ್ ಬಿಟ್ಟ ಸದ್ದು ಕೇಳಿದ ಮೇಲೆ ಮುಂದಿನದಕ್ಕೆ ಹೋಗಿ. ಒಂದೇ ಕಡೆಯಿಂದ ಜೋರಾಗಿ ಎಳೆದರೆ ಎದುರು ಮೂಲೆಯ ಕ್ಲಿಪ್ ಮುರಿಯುತ್ತದೆ. ಸ್ಟೀಲ್ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಆ ಗೀರು ಕಾರು ಇರುವವರೆಗೂ ಹೋಗುವುದಿಲ್ಲ. ಚಳಿಗಾಲದ ಬೆಳಿಗ್ಗೆ ಪ್ಲಾಸ್ಟಿಕ್ ಗಡುಸಾಗಿರುತ್ತದೆ, ಸ್ವಲ್ಪ ಬಿಸಿಲು ಬಂದ ಮೇಲೆ ಕೈ ಹಾಕುವುದು ಒಳ್ಳೆಯದು. ಫ್ರೇಮಿನ ಹಿಂದೆ ಹಜಾರ್ಡ್ ಸ್ವಿಚ್ಚಿನ ವೈರ್ ಇರಬಹುದು, ಫ್ರೇಮ್ ಕಳಚಿ ಬಂತು ಅಂತ ಪೂರ್ತಿ ಎಳೆದುಬಿಡಬೇಡಿ.

ಫ್ರೇಮ್ ಬಂದ ಮೇಲೆ ಸಾಮಾನ್ಯವಾಗಿ ನಾಲ್ಕು ಸ್ಕ್ರೂ ಕಾಣುತ್ತವೆ. ಕೆಲವು ಹಳೇ ಸೆಟ್‌ಗಳಲ್ಲಿ ಸ್ಕ್ರೂ ಬದಲು ಮುಂಭಾಗದಲ್ಲೇ ಸಣ್ಣ ತೂತುಗಳಿರುತ್ತವೆ. ಅವಕ್ಕೆ ಬಾಗಿಸಿದ ಕಂಬಿಯಂಥ ಎರಡು ಕೀ ತೂರಿಸಿ ಎಳೆಯಬೇಕು. ಗೇರ್ ಲಿವರ್ ಸುತ್ತ ಟವೆಲ್ ಹಾಸಿಬಿಡಿ. ಅಲ್ಲಿಗೆ ಬಿದ್ದ ಸ್ಕ್ರೂ ತೆಗೆಯುವುದು ಸೆಟ್ ತೆಗೆಯುವುದಕ್ಕಿಂತ ಕಷ್ಟ. ಕಪ್ಲರಿನ ಲಾಕ್ ಒತ್ತಿ ಹಿಡಿದು ಕಪ್ಲರನ್ನೇ ಎಳೆಯಿರಿ, ವೈರ್ ಎಳೆಯಬೇಡಿ. ಆಂಟೆನಾ ಪಿನ್ನಿಗೂ ಇದೇ ಮಾತು. ಎಲ್ಲಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ಅಳತೆಯ ಬಗ್ಗೆ ಒಂದು ಮಾತು. ಸಿಂಗಲ್ ಡಿನ್ ಅಂದರೆ ಮುಖ 180 ಎಂ.ಎಂ. ಅಗಲ, 50 ಎಂ.ಎಂ. ಎತ್ತರ. ಡಬಲ್ ಡಿನ್ 180ಕ್ಕೆ 100. ಟೊಯೋಟಾದ ಅನೇಕ ಕಾರುಗಳಲ್ಲಿ ಅಗಲ 200 ಇರುತ್ತದೆ. ಅದರಲ್ಲಿ 180ರ ಸೆಟ್ ಹಾಕಿದರೆ ಎರಡೂ ಬದಿಗೆ ತುಂಡು ಪಟ್ಟಿ ಬೇಕು. ಪಟ್ಟಿ ಇಲ್ಲದೆ ತುರುಕಿದ ಸೆಟ್ ಗುಂಡಿ ರಸ್ತೆಯಲ್ಲಿ ಕಟಕಟ ಅನ್ನುತ್ತದೆ. ಆಗ ಜನ ಸ್ಪೀಕರ್ ಹರಿದಿದೆ ಅಂದುಕೊಳ್ಳುತ್ತಾರೆ.

ಮೂರು ವೈರಿನ ಕಥೆ

ಯಾವ ಸೆಟ್ ಆದರೂ ಬದುಕುವುದು ಮೂರು ವೈರಿನ ಮೇಲೆ. ಹೊರಗಿನಿಂದ ಕೊಳ್ಳುವ ಸೆಟ್‌ಗಳಲ್ಲಿ ಇವುಗಳ ಬಣ್ಣ ಹೆಚ್ಚುಕಮ್ಮಿ ಒಂದೇ. ಹಳದಿ ಬ್ಯಾಟರಿಯಿಂದ ಸದಾ ಬರುವ ಕರೆಂಟ್. ಗಡಿಯಾರ, ಸ್ಟೇಷನ್, ಸೆಟ್ಟಿಂಗ್ ನೆನಪಿಡುವುದು ಇದರಿಂದಲೇ, ಜೋರಾಗಿ ಹಾಡಲು ಬೇಕಾದ ಕರೆಂಟ್ ಬರುವುದೂ ಇದರಲ್ಲೇ. ಕೆಂಪು, ಕೀ ತಿರುಗಿಸಿದಾಗ ಮಾತ್ರ ಬರುವ ಆಕ್ಸೆಸರಿ ಕರೆಂಟ್. 'ಈಗ ಎದ್ದೇಳು' ಅಂತ ಸೆಟ್ಟಿಗೆ ಹೇಳುವುದು ಅದರ ಕೆಲಸ. ಕಪ್ಪು ಅರ್ಥ್.

ಕಾರಿನ ಕಡೆಯ ವೈರ್‌ಗಳಿಗೆ ಈ ಬಣ್ಣದ ಲೆಕ್ಕ ನಡೆಯುವುದಿಲ್ಲ. ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಹಳದಿಗೆ ಹಳದಿ ಸೇರಿಸಿದರಾಯಿತು ಅಂದುಕೊಂಡರೆ ಅಲ್ಲೇ ತಪ್ಪುತ್ತದೆ. ಆದ್ದರಿಂದ ಅಳೆದೇ ಸೇರಿಸಬೇಕು.

ಅಳೆಯಲು ಬ್ಯಾಟರಿ ಮತ್ತೆ ಜೋಡಿಸಿ. ಆಮೇಲೆ ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬಾಡಿಯ ಬರಿ ಲೋಹಕ್ಕೆ ಹಿಡಿಯಿರಿ. ಕೀ ತೆಗೆದಿದ್ದಾಗಲೂ 12 ವೋಲ್ಟಿಗಿಂತ ಜಾಸ್ತಿ ತೋರಿಸುವ ವೈರ್ ಸದಾ ಕರೆಂಟಿನದು. ಕೀ ಆಕ್ಸೆಸರಿಗೆ ತಿರುಗಿಸಿದಾಗ ಮಾತ್ರ 12 ಬರುವುದು ಕೆಂಪಿನ ಜೊತೆಗಾರ. ಇನ್ನೊಂದು ವೈರ್ ಹೆಡ್‌ಲೈಟ್ ಹಾಕಿದಾಗ ಮಾತ್ರ 12 ತೋರಿಸಬಹುದು. ಅದು ಬಟನ್ ಬೆಳಕಿನದು, ಹೊಸ ಸೆಟ್ಟಿನ ಕಿತ್ತಳೆ ವೈರಿಗೆ ಹೋಗುತ್ತದೆ. ಅದನ್ನು ಆಕ್ಸೆಸರಿ ಅಂತ ಕೆಂಪಿಗೆ ಸೇರಿಸಿದರೆ ರಾತ್ರಿ ಮಾತ್ರ ಹಾಡುವ ಸ್ಟೀರಿಯೋ ಆಗುತ್ತದೆ. ಆ ದೂರು ನಾನೇ ಕೇಳಿದ್ದೇನೆ.

ಇಲ್ಲೇ ಬಲ್ಬಿನ ಮಾತು ಬರುವುದು. ಮಲ್ಟಿಮೀಟರ್ ವೋಲ್ಟ್ ಅಳೆಯುವಾಗ ಹೆಚ್ಚುಕಮ್ಮಿ ಕರೆಂಟನ್ನೇ ಎಳೆಯುವುದಿಲ್ಲ. ಹತ್ತು ಎಳೆಯಲ್ಲಿ ಒಂಬತ್ತು ತುಂಡಾಗಿ ಒಂದೇ ಎಳೆ ಉಳಿದ ವೈರಿನಲ್ಲೂ, ಒಳಗೆ ತುಕ್ಕು ಹಿಡಿದ ಜಾಯಿಂಟಿನಲ್ಲೂ ಅದು 12.5 ಅಂತಲೇ ತೋರಿಸುತ್ತದೆ. ನೀವು 'ಕರೆಂಟ್ ಬರ್ತಿದೆಯಲ್ಲ' ಅಂದುಕೊಂಡು ಸೆಟ್ ಮೇಲೆ ಅನುಮಾನ ಪಡುತ್ತೀರಿ. 21 ವಾಟಿನ ಬಲ್ಬಿನ ಒಂದು ತುದಿಯನ್ನು ಅದೇ ವೈರಿಗೆ, ಇನ್ನೊಂದನ್ನು ಬಾಡಿಯ ಬರಿ ಲೋಹಕ್ಕೆ ಹಚ್ಚಿ. ಅದು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ, ಅಂದರೆ ಸೆಟ್ ಹಾಡುವಾಗ ಬೀಳುವಂಥ ಭಾರವನ್ನೇ ಹೊರಿಸುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ವೋಲ್ಟ್ ಅಳೆಯಿರಿ. ಬ್ಯಾಟರಿಯ ಮೇಲೆ 12.5 ಇದ್ದು ಇಲ್ಲಿ 12.2 ಇದ್ದರೆ ವೈರ್ ಗಟ್ಟಿ. ಬಲ್ಬ್ ಮಿಣಿಮಿಣಿ ಅಂದು ವೋಲ್ಟ್ ಒಂಬತ್ತಕ್ಕೋ ಏಳಕ್ಕೋ ಕುಸಿದರೆ ಜಾಯಿಂಟಿನಲ್ಲಿ, ಫ್ಯೂಸ್ ಕಾಲಿನಲ್ಲಿ ಅಥವಾ ಅರ್ಥಿನಲ್ಲಿ ತೊಂದರೆ ಇದೆ. ಈ ಪರೀಕ್ಷೆಯನ್ನು ಸದಾ ಕರೆಂಟ್ ಬರುವ ವೈರಿಗೆ ಮಾತ್ರ ಮಾಡಿ. ಬೇರೆ ಯಾವುದೋ ಸಿಗ್ನಲ್ ವೈರಿಗೆ ಬಲ್ಬ್ ಹಚ್ಚಿದರೆ ಕಾರಿನ ಎಲೆಕ್ಟ್ರಾನಿಕ್ ಘಟಕ ಸುಡಬಹುದು.

ಅರ್ಥ್ ನೋಡಲು ಇದೇ ಬಲ್ಬಿನ ಒಂದು ತುದಿಯನ್ನು ಸದಾ ಕರೆಂಟಿನ ವೈರಿಗೆ, ಇನ್ನೊಂದನ್ನು ಕಾರಿನ ಕಪ್ಲರಿನ ಅರ್ಥ್ ವೈರಿಗೆ ಕೊಡಿ. ಉರಿಯುವಾಗ ಆ ಅರ್ಥ್ ವೈರಿನಿಂದ ಬ್ಯಾಟರಿ ಮೈನಸ್‌ವರೆಗೆ ಎಷ್ಟು ವೋಲ್ಟ್ ಇದೆ ಅಳೆಯಿರಿ. 0.1ರ ಒಳಗಿರಬೇಕು.

ಸೆಟ್ ಆನ್ ಆಗುವುದೇ ಇಲ್ಲ

ಮೊದಲು ಫ್ಯೂಸ್. ಎರಡು ಕಡೆ ಇರುತ್ತದೆ. ಒಂದು ಡ್ಯಾಶ್‌ಬೋರ್ಡ್ ಕೆಳಗಿನ ಡಬ್ಬದಲ್ಲಿ, ರೇಡಿಯೋ ಅಥವಾ ಆಡಿಯೋ ಎಂದು ಬರೆದಿರುತ್ತದೆ. ಇನ್ನೊಂದು ಸೆಟ್ಟಿನ ಬೆನ್ನಿಗೆ ಅಥವಾ ಅದರ ಹಳದಿ ವೈರಿನಲ್ಲಿ, ಸಾಮಾನ್ಯವಾಗಿ 10 ಇಲ್ಲವೇ 15 ಆಂಪಿಯರ್. ಕಣ್ಣಿಗೆ ಚೆನ್ನಾಗಿ ಕಂಡ ಫ್ಯೂಸನ್ನೂ ಮೀಟರ್‌ನಲ್ಲಿ ನೋಡಿ. ಹೋಗಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ಅದೂ ಹೋದರೆ ಎಲ್ಲೋ ಶಾರ್ಟ್ ಇದೆ. 10ರ ಜಾಗದಲ್ಲಿ 20 ಹಾಕಿದರೆ ಮುಂದೆ ಸುಡುವುದು ಫ್ಯೂಸ್ ಅಲ್ಲ, ವೈರ್.

ಫ್ಯೂಸ್ ಸರಿಯಿದ್ದರೆ ಹಳದಿ, ಕೆಂಪು, ಕಪ್ಪು. ಮೇಲೆ ಹೇಳಿದ ಹಾಗೆ. ಮೂರೂ ಸರಿಯಿದ್ದ ಮೇಲೂ ಸೆಟ್ ಎದ್ದೇಳದಿದ್ದರೆ, ಸೆಟ್ಟನ್ನು ಹೊರಗೆ ತಂದು ಹಳದಿ-ಕೆಂಪು ಒಟ್ಟಿಗೆ ಬ್ಯಾಟರಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಕೊಟ್ಟು ನೋಡಿ. ಫ್ಯೂಸ್ ನಡುವೆ ಇರಲೇಬೇಕು. ಅಲ್ಲೂ ಎದ್ದೇಳದಿದ್ದರೆ ಆಗ ಮಾತ್ರ ಸೆಟ್ ಕೆಟ್ಟಿದೆ ಅನ್ನಬಹುದು.

ಕೆಲವು ಕಾರುಗಳಲ್ಲಿ, ಫೋಕ್ಸ್‌ವ್ಯಾಗನ್ ಬಳಗದವುಗಳಲ್ಲಿ ಮುಖ್ಯವಾಗಿ, ಆಕ್ಸೆಸರಿ ವೈರ್ ಸೆಟ್ಟಿನ ಕಪ್ಲರಿಗೆ ಬರುವುದೇ ಇಲ್ಲ. ಕೀ ತಿರುಗಿದ ಸುದ್ದಿ ಕ್ಯಾನ್ ಬಸ್ ಎಂಬ ಡೇಟಾ ವೈರಿನಲ್ಲಿ ಬರುತ್ತದೆ. ಅಂಥ ಕಾರಿಗೆ ಕ್ಯಾನ್ ಬಸ್ ಡಬ್ಬಿ ಇರುವ ಅಡಾಪ್ಟರ್ ತೆಗೆದುಕೊಳ್ಳಿ. ಆ ಡೇಟಾ ವೈರಿಗೆ ಯಾವ ಕಾರಣಕ್ಕೂ 12 ವೋಲ್ಟ್ ಕೊಡಬೇಡಿ.

ಕೀ ತೆಗೆದರೆ ಎಲ್ಲಾ ಮರೆತುಹೋಗುತ್ತದೆ

ಭಾವನ ಕಾರಿನ ಮೊದಲ ತೊಂದರೆ ಇದೇ. ಸೆಟ್ ಎಳೆದು ಹಿಂದೆ ನೋಡಿದಾಗ ಬೇಸರವಾಯಿತು. ಕಂಪನಿ ಕೊಟ್ಟ ಕಪ್ಲರನ್ನು ಕತ್ತರಿಸಿ ತೆಗೆದಿದ್ದರು. ವೈರ್‌ಗಳನ್ನು ಕೈಯಲ್ಲೇ ಹೊಸೆದು ಕಪ್ಪು ಟೇಪ್ ಸುತ್ತಿದ್ದರು. ಬಿಸಿಲಿಗೆ ಟೇಪಿನ ಅಂಟು ಕರಗಿ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಬೆರಳಿಗೆ ಅಂಟಿತು. ಸುತ್ತು ಬಿಚ್ಚುತ್ತಿದ್ದ ಹಾಗೆ ಒಂದು ಜಾಯಿಂಟ್ ತಾನಾಗಿ ಕೈಗೆ ಬಂತು. ತಾಮ್ರ ಕೆಂಪಗಿರಲಿಲ್ಲ, ಕಪ್ಪಾಗಿ ಅಲ್ಲಲ್ಲಿ ಹಸಿರು ಹಿಡಿದಿತ್ತು. ಸೆಟ್ಟಿನ ಹಳದಿ, ಕೆಂಪು ಎರಡನ್ನೂ ಸೇರಿಸಿ ಒಂದೇ ವೈರಿಗೆ, ಆಕ್ಸೆಸರಿಗೆ ಕೊಟ್ಟಿದ್ದರು. ಸದಾ ಕರೆಂಟ್ ಬರುವ ದಪ್ಪ ವೈರ್ ತುದಿಗೆ ಟೇಪ್ ಸುತ್ತಿಸಿಕೊಂಡು ಪಕ್ಕದಲ್ಲಿ ಸುಮ್ಮನೆ ಮಲಗಿತ್ತು. ಕೀ ತೆಗೆದ ಕೂಡಲೇ ಸೆಟ್ ಪೂರ್ತಿ ಸಾಯುತ್ತಿತ್ತು, ನೆನಪು ಎಲ್ಲಿಂದ ಬರಬೇಕು?

ಆ ದಪ್ಪ ವೈರಿಗೆ ಬಲ್ಬ್ ಹಚ್ಚಿದೆ, 12.3 ನಿಂತಿತು. ಹಳದಿಯನ್ನು ಬಿಡಿಸಿ ಅದಕ್ಕೆ ಕೊಟ್ಟೆ. ಗಡಿಯಾರ ಅಂದಿನಿಂದ ಸರಿಯಾಗಿದೆ.

ಕಪ್ಲರ್ ಕತ್ತರಿಸದ ಕಾರಿನಲ್ಲೂ ಈ ತೊಂದರೆ ಬರಬಹುದು. ಐಎಸ್‌ಒ ಎಂಬ ಸಾಮಾನ್ಯ ಮಾದರಿಯ ಕಪ್ಲರಿನ ಕರೆಂಟ್ ಭಾಗದಲ್ಲಿ ಎಂಟು ಮನೆಗಳಿವೆ. ಲೆಕ್ಕದ ಪ್ರಕಾರ ನಾಲ್ಕನೆಯದು ಸದಾ ಕರೆಂಟ್, ಏಳನೆಯದು ಆಕ್ಸೆಸರಿ, ಎಂಟನೆಯದು ಅರ್ಥ್. ಆದರೆ ಕೆಲವು ಕಾರುಗಳಲ್ಲಿ ನಾಲ್ಕು-ಏಳು ಅದಲುಬದಲಾಗಿರುತ್ತವೆ. ಅದಕ್ಕೇ ಎಷ್ಟೋ ಸೆಟ್‌ಗಳ ಹಳದಿ, ಕೆಂಪು ವೈರಿನ ನಡುವೆ ಬಿಚ್ಚಿ ತಿರುಗಿಸಿ ಹಾಕುವಂಥ ಸಣ್ಣ ಜೋಡಿ ಕೊಟ್ಟಿರುತ್ತಾರೆ. ಅದನ್ನು ಅಡ್ಡಡ್ಡ ಹಾಕಿದರೆ ಕೆಲಸ ಮುಗಿಯಿತು.

ಇದರ ಉಲ್ಟಾ ಬ್ಯಾಟರಿ ಇಳಿಯುವುದು. ಹಳದಿ, ಕೆಂಪು ಎರಡನ್ನೂ ಸದಾ ಕರೆಂಟಿಗೆ ಕೊಟ್ಟಿದ್ದರೆ ಸೆಟ್ ಮಲಗುವುದೇ ಇಲ್ಲ. ಪರದೆ ಆರಿಸಿದರೂ ಒಳಗೆ ಎದ್ದೇ ಇರುತ್ತದೆ. ಅರ್ಧ ಆಂಪಿಯರ್ ಎಳೆದರೆ ದಿನಕ್ಕೆ 12 ಆಂಪಿಯರ್-ಅವರ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಎರಡು ದಿನಕ್ಕೆ ಮುಕ್ಕಾಲು ಪಾಲಿನ ಹತ್ತಿರ ಖಾಲಿ. ಹಬ್ಬಕ್ಕೆ ಊರಿಗೆ ಬಸ್ಸಲ್ಲಿ ಹೋಗಿ ಬಂದರೆ ಕಾರು ಸ್ಟಾರ್ಟ್ ಆಗುವುದಿಲ್ಲ.

ಅಳೆಯಲು ಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ, ಬ್ಯಾಟರಿ ಮೈನಸ್ ಟರ್ಮಿನಲ್ಲಿಗೂ ಬಿಚ್ಚಿದ ಮೈನಸ್ ಕೇಬಲ್ಲಿಗೂ ನಡುವೆ ಸೇರಿಸಿ. ಕೀ ಹಾಕಬೇಡಿ, ಬಾಗಿಲು ತೆರೆಯಬೇಡಿ, ಸ್ಟಾರ್ಟ್ ಮಾಡಲೇಬೇಡಿ. ಕಾರಿನ ಮಿಕ್ಕ ಘಟಕಗಳು ಮಲಗಲು ಅರ್ಧ ಗಂಟೆ ಬೇಕು. ಆಮೇಲೆ 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಆಡಿಯೋ ಫ್ಯೂಸ್ ಎಳೆಯಿರಿ. ತಕ್ಷಣ ಇಳಿದರೆ ಕಳ್ಳ ಸಿಕ್ಕಿದ. ಇಳಿಯದಿದ್ದರೆ ಸ್ಟೀರಿಯೋ ಬಿಟ್ಟು ಬೇರೆ ಕಡೆ ಹುಡುಕಬೇಕು.

ಸ್ಟಾರ್ಟ್ ಮಾಡುವಾಗ ಸೆಟ್ ಒಂದು ಕ್ಷಣ ಆರಿ ಹತ್ತುವುದು ತೊಂದರೆ ಅಲ್ಲ. ಎಷ್ಟೋ ಕಾರುಗಳಲ್ಲಿ ಆ ಹೊತ್ತಿಗೆ ಆಕ್ಸೆಸರಿ ಕರೆಂಟ್ ಕಟ್ ಆಗುತ್ತದೆ. ಆದರೆ ಅಷ್ಟರಲ್ಲೇ ಗಡಿಯಾರವೂ ಮರೆತರೆ ಬ್ಯಾಟರಿ ನೋಡಿ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ ಮೇಲೆ 9.6 ವೋಲ್ಟಿಗಿಂತ ಕೆಳಗೆ ಇಳಿದರೆ ಬ್ಯಾಟರಿಗೆ ವಯಸ್ಸಾಗಿದೆ, ಇಲ್ಲವೇ ಟರ್ಮಿನಲ್ ಸಡಿಲ.

ಸ್ಪೀಕರ್ ಸದ್ದಿಲ್ಲ, ಅಥವಾ ಸದ್ದು ಸಪ್ಪೆ

ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿರಲಿ. ಈಗಿನ ಸೆಟ್‌ಗಳಲ್ಲಿ ಸ್ಪೀಕರಿನ ಮೈನಸ್ ವೈರ್ ಅರ್ಥ್ ಅಲ್ಲ. ಪ್ಲಸ್ಸಿನಲ್ಲೂ ಮೈನಸ್ಸಿನಲ್ಲೂ ಬ್ಯಾಟರಿಯ ಅರ್ಧದಷ್ಟು, ಸುಮಾರು 6 ವೋಲ್ಟ್ ನಿಂತಿರುತ್ತದೆ. ಮೈನಸ್‌ಗಳನ್ನೆಲ್ಲ ಒಟ್ಟು ಸೇರಿಸಿ ಬಾಡಿಗೆ ಕೊಟ್ಟರೆ ಸೆಟ್ಟಿನ ಒಳಗಿನ ಆಂಪ್ಲಿಫೈಯರ್ ಐಸಿ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. ನಾನು ನೋಡಿದ, ನಿಜವಾಗಿ ಕೆಟ್ಟಿದ್ದ ಆ ಒಂದು ಸೆಟ್ ಸತ್ತದ್ದು ಹೀಗೇ.

ಸೆಟ್ಟಿನ ಕಪ್ಲರ್ ಬಿಚ್ಚಿ, ಮೀಟರನ್ನು ಓಮ್ಸ್‌ಗೆ ಇಟ್ಟು ಒಂದೊಂದು ಜೋಡಿಯನ್ನೂ ಅಳೆಯಿರಿ. 4 ಓಮ್ಸ್ ಸ್ಪೀಕರ್ ಮೀಟರ್‌ನಲ್ಲಿ ಮೂರರಿಂದ ನಾಲ್ಕರ ನಡುವೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ವೈರ್ ತುಂಡು ಅಥವಾ ಕಾಯಿಲ್ ಹೋಗಿದೆ. ಬಾಗಿಲಿನ ಸ್ಪೀಕರ್ ಆದರೆ ಬಾಗಿಲಿಗೂ ಕಂಬಕ್ಕೂ ನಡುವಿನ ರಬ್ಬರ್ ಕೊಳವೆಯೊಳಗೆ ನೋಡಿ. ದಿನಕ್ಕೆ ಹತ್ತು ಸಲ ಮಡಚಿ ಬಿಚ್ಚುವ ಜಾಗ ಅದು, ವೈರ್ ತುಂಡಾಗುವುದೂ ಅಲ್ಲೇ. ಹೆಚ್ಚುಕಮ್ಮಿ ಸೊನ್ನೆ ಬಂದರೆ ಎರಡು ವೈರ್ ಒಂದಕ್ಕೊಂದು ತಗುಲಿವೆ. ಆಮೇಲೆ ಪ್ರತಿ ವೈರಿನಿಂದ ಬಾಡಿಗೆ ಅಳೆಯಿರಿ. ಏನೂ ತೋರಿಸಬಾರದು. ತೋರಿಸಿದರೆ ಎಲ್ಲೋ ಸ್ಕ್ರೂ ಕೆಳಗೆ ಸಿಕ್ಕಿ ಸಿಪ್ಪೆ ಹರಿದಿದೆ.

ಎಲ್ಲಾ ಸ್ಪೀಕರ್ ಹಾಡುತ್ತಿದ್ದರೂ ಬೇಸ್ ಇಲ್ಲ, ತಗಡಿನ ಡಬ್ಬದ ಹಾಗೆ ಕೇಳಿಸುತ್ತದೆ ಅಂದರೆ ಒಂದು ಸ್ಪೀಕರಿನ ಪ್ಲಸ್-ಮೈನಸ್ ತಿರುಗಿದೆ. ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಬೇಸ್ ಬಂದು, ನಡುವಿಗೆ ತಂದರೆ ಹೋದರೆ ಇದೇ ಖಾತ್ರಿ. ಆಗ ಗಡಿಯಾರದ 1.5 ವೋಲ್ಟ್ ಸೆಲ್ ತೆಗೆದುಕೊಂಡು ಸ್ಪೀಕರಿನ ಜೋಡಿಗೆ ಒಂದು ಕ್ಷಣ ತಾಗಿಸಿ. ಸೆಲ್ಲಿನ ಪ್ಲಸ್, ಸ್ಪೀಕರಿನ ಪ್ಲಸ್ಸಿಗೆ ತಾಗಿದರೆ ಕೋನ್ ಹೊರಗೆ ಜಿಗಿಯುತ್ತದೆ. ಒಳಗೆ ಹೋದರೆ ಉಲ್ಟಾ. ಸ್ಪೀಕರಿನ ಜಾಲರಿ ಅಡ್ಡ ಇದ್ದರೆ ಯಾರನ್ನಾದರೂ ಟಾರ್ಚ್ ಹಿಡಿದು ನೋಡಲು ಕೂರಿಸಿ. ಹೊಸ ಸೆಟ್ಟಿನ ಬಣ್ಣ ಇವು: ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಆಯಾ ಬಣ್ಣದ ಮೈನಸ್.

ದುಬಾರಿ ಮಾದರಿಗಳಲ್ಲಿ ಸೀಟಿನ ಕೆಳಗೋ ಡಿಕ್ಕಿಯಲ್ಲೋ ಬೇರೆ ಆಂಪ್ಲಿಫೈಯರ್ ಇರುತ್ತದೆ. ಅದನ್ನು ಎಬ್ಬಿಸಲು ಹೊಸ ಸೆಟ್ಟಿನ ನೀಲಿ-ಬಿಳಿ ವೈರ್ ಕೊಡಬೇಕು. ಅದನ್ನು ಬಿಟ್ಟರೆ ಸೆಟ್ ಉರಿಯುತ್ತದೆ, ಸದ್ದು ಮಾತ್ರ ಇಲ್ಲ.

ಎಂಜಿನ್ ಜೊತೆ ಏರುವ ಗುಂಯ್

ಆಕ್ಸಿಲರೇಟರ್ ಒತ್ತಿದ ಹಾಗೆ ಸದ್ದು ತೆಳ್ಳಗಾಗಿ ಮೇಲೇರಿದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು. ಮೊದಲು ಮೊಬೈಲ್ ಚಾರ್ಜರ್ ಎಳೆಯಿರಿ. ಮೊಬೈಲಿನಿಂದ ಸೆಟ್ಟಿಗೆ ಹೋಗುವ ಆಕ್ಸ್ ವೈರಿನಲ್ಲಿ ಹಾಡು, ಜೊತೆಗೆ ಚಾರ್ಜರ್, ಎರಡೂ ಇದ್ದರೆ ಅರ್ಥ್ ಎರಡು ದಾರಿಯಲ್ಲಿ ಸುತ್ತುತ್ತದೆ. ಚಾರ್ಜರ್ ತೆಗೆದ ಕೂಡಲೇ ನಿಂತರೆ ಬ್ಲೂಟೂತ್ ಬಳಸಿ, ಮತ್ತೇನೂ ಮಾಡಬೇಕಿಲ್ಲ.

ನಿಲ್ಲದಿದ್ದರೆ ಸೆಟ್ಟಿನ ಅರ್ಥ್. ಭಾವನ ಕಾರಿನಲ್ಲಿ ಕಪ್ಪು ವೈರನ್ನು ಸೆಟ್ ಹಿಡಿದಿಡುವ ಬಣ್ಣ ಬಳಿದ ಪಟ್ಟಿಗೆ ಸ್ಕ್ರೂ ಹಾಕಿ ಬಿಗಿದಿದ್ದರು. ಹಾಡು ಜೋರಾಗಿಟ್ಟು ಆ ಕಪ್ಪಿನಿಂದ ಬ್ಯಾಟರಿ ಮೈನಸ್‌ಗೆ ಉದ್ದ ವೈರ್ ಎಳೆದು ಅಳೆದೆ. 0.4 ವೋಲ್ಟ್, ತಾಳಕ್ಕೆ ಸರಿಯಾಗಿ ಕುಣಿಯುತ್ತಿತ್ತು. ಕಾರಿನ ಮೂಲ ಅರ್ಥ್ ವೈರನ್ನು ಹುಡುಕಿ ಅದಕ್ಕೇ ಬೆಸುಗೆ ಹಾಕಿದೆ. 0.03ಕ್ಕೆ ಇಳಿಯಿತು. ಗುಂಯ್ ಹೋಯಿತು. ಮೂಲ ಅರ್ಥ್ ಸಿಗದಿದ್ದರೆ ಬಾಡಿಗೆ ಸೇರಿದ ದಪ್ಪ ಬೋಲ್ಟ್ ಹುಡುಕಿ, ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ರಿಂಗ್ ಕಾಲು ಹಾಕಿ ಬಿಗಿಯಿರಿ.

ಎಫ್‌ಎಂ ಬರುವುದಿಲ್ಲ

ಆಂಟೆನಾ ಪಿನ್ ಪೂರ್ತಿ ಕೂತಿದೆಯೇ ನೋಡಿ. ಕಟ್ ಅಂತ ಕೂರುವವರೆಗೆ ಒತ್ತಬೇಕು. ಆಮೇಲೆ ಬೂಸ್ಟರ್. ಮೇಲ್ಛಾವಣಿಯ ಸಣ್ಣ ಆಂಟೆನಾಗಳ ಬುಡದಲ್ಲಿ ಅನೇಕ ಸಲ ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ 12 ವೋಲ್ಟ್ ಬೇಕು. ಹೊಸ ಸೆಟ್ಟಿನ ನೀಲಿ ವೈರನ್ನು ಕಾರಿನ ಬೂಸ್ಟರ್ ವೈರಿಗೆ ಕೊಡಿ. ಬೂಸ್ಟರ್ ಕರೆಂಟ್ ಆಂಟೆನಾ ಕೇಬಲ್ಲಿನಲ್ಲೇ ಹೋಗುವ ಕಾರಾದರೆ ಅದಕ್ಕೆ ಬೇರೆ ಅಡಾಪ್ಟರ್ ಬರುತ್ತದೆ. ಡ್ಯಾಶ್‌ಕ್ಯಾಮ್, ಅಗ್ಗದ ಯುಎಸ್‌ಬಿ ಚಾರ್ಜರ್ ಎಳೆದು ನೋಡುವುದನ್ನೂ ಮರೆಯಬೇಡಿ, ಅವು ಎಫ್‌ಎಂ ಮೇಲೆ ಜೋರಾಗಿ ಕರಕರ ಹಾಕುತ್ತವೆ.

ಭಾವನ ತೊಂದರೆ ಇದ್ಯಾವುದೂ ಅಲ್ಲ. ಬೇರೆ ಸ್ಟೇಷನ್ ಚೆನ್ನಾಗಿ ಬರುತ್ತಿದ್ದವು. ಕೈಯಲ್ಲಿ ಒಂದೊಂದೇ ಹೆಜ್ಜೆ ತಿರುಗಿಸಿದೆ. 100.3, 100.5, 100.7. ಮೈಸೂರು ಆಕಾಶವಾಣಿ ಇರುವುದು 100.6ರಲ್ಲಿ! ಸೆಟ್ಟಿನ ರೇಡಿಯೋ ಪ್ರದೇಶ ಅಮೆರಿಕಾ ಎಂದಿತ್ತು. ಅಲ್ಲಿ ಎಫ್‌ಎಂ ಹೆಜ್ಜೆ 0.2, ಅದೂ ಬೆಸ ಅಂಕಿಗಳಲ್ಲಿ ಮಾತ್ರ. ಬೆಂಗಳೂರಿನಲ್ಲಿ 91.1, 101.3, 102.9ರಂಥ ಎಷ್ಟೋ ಸ್ಟೇಷನ್ ಬೆಸವೇ ಆದ್ದರಿಂದ ಅವನ್ನು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ಪ್ರದೇಶವನ್ನು ಏಷ್ಯಾಕ್ಕೆ ಬದಲಾಯಿಸಿದೆ, ಕೆಲವು ಸೆಟ್‌ಗಳಲ್ಲಿ ಯುರೋಪ್ ಇರುತ್ತದೆ. ಹೆಜ್ಜೆ ಸಣ್ಣದಾಯಿತು. 100.6 ಸ್ವಚ್ಛವಾಗಿ ಬಂತು. ಭಾವ ಏನೂ ಮಾತಾಡದೆ ವಾಲ್ಯೂಮ್ ಜಾಸ್ತಿ ಮಾಡಿದರು, ಅಕ್ಕ ಒಳಗಿನಿಂದ "ಬಂತಾ?" ಅಂತ ಕೂಗಿದಳು.

ಸ್ಟೇರಿಂಗ್ ಬಟನ್ ಕೆಲಸ ಮಾಡದಿದ್ದರೆ ಸೆಟ್ಟಿನ ಮೆನುವಿನಲ್ಲಿ ಒಂದೊಂದು ಬಟನ್ನನ್ನೂ ಒತ್ತಿ ಕಲಿಸಬೇಕು. ಒಂದು ಒತ್ತಿದರೆ ಇನ್ನೊಂದರ ಕೆಲಸ ಆಗುತ್ತಿದ್ದರೆ ಅಲ್ಲೂ ಅರ್ಥ್ ಸಡಿಲ ಇರಬಹುದು. ಹಿಂಬದಿ ಕ್ಯಾಮೆರಾ ಪರದೆಗೆ ಬರದಿದ್ದರೆ ರಿವರ್ಸ್ ಲೈಟಿನಿಂದ ಬರುವ ವೈರಿನಲ್ಲಿ ರಿವರ್ಸ್ ಗೇರ್ ಹಾಕಿದಾಗ 12 ಇದೆಯೇ ನೋಡಿ.

ಮತ್ತೆ ಕೂರಿಸುವಾಗ

ಕಾರಿನ ಕಪ್ಲರ್ ಇನ್ನೂ ಹಾಗೇ ಇದ್ದರೆ ದಯವಿಟ್ಟು ಕತ್ತರಿಸಬೇಡಿ, ಕತ್ತರಿಸಲೂ ಬಿಡಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕಾರಿನ ಮಾದರಿ, ವರ್ಷ ಹೇಳಿದರೆ ಹೊಂದುವ ಅಡಾಪ್ಟರ್ ಸಿಗುತ್ತದೆ. ಹಳೇ ಕಪ್ಲರಿನ ಫೋಟೋ ತೋರಿಸಿದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಕೆಲಸ ಮಾಡಿಸುವುದಾದರೆ ಶುರು ಮಾಡುವ ಮುಂಚೆಯೇ "ವೈರ್ ಕಟ್ ಮಾಡ್ಬೇಡಿ, ಕಪ್ಲರ್ ಹಾಕಿ" ಅಂತ ಹೇಳಿ, ಪಕ್ಕದಲ್ಲೇ ನಿಂತಿರಿ. ವಾರಂಟಿ ಇರುವ ಕಾರಿಗಂತೂ ಇದನ್ನು ಬಿಡಲೇಬೇಡಿ.

ಈಗಾಗಲೇ ಕತ್ತರಿಸಿದ್ದರೆ, ಭಾವನ ಕಾರಿನ ಹಾಗೆ, ಎರಡೂ ಬದಿಯ ಕಪ್ಲರ್ ತಂದು ಹೊಸದಾಗಿ ಜೋಡಿಸಿ. ಪ್ರತಿ ಜಾಯಿಂಟಿಗೂ ಬೆಸುಗೆ, ಮೇಲೆ ಬಿಸಿಗೆ ಬಿಗಿಯುವ ಸ್ಲೀವ್. ಟೇಪ್ ಬೇಡ. ನನಗೆ ಹದಿನಾಲ್ಕು ಜಾಯಿಂಟಿಗೆ ಎರಡು ಗಂಟೆ ಹಿಡಿಯಿತು. ಜಾಯಿಂಟ್‌ಗಳು ಒಂದೇ ಸಾಲಿನಲ್ಲಿ ಬರದಂತೆ ಹಿಂದೆ ಮುಂದೆ ಇಡಿ, ಇಲ್ಲದಿದ್ದರೆ ಕಟ್ಟು ದಪ್ಪವಾಗಿ ಸೆಟ್ ಹಿಂದೆ ಕೂರುವುದಿಲ್ಲ. ಸೆಟ್ ಒಳಗೆ ತಳ್ಳುವಾಗ ತಡೆದರೆ ಬಲ ಹಾಕಬೇಡಿ. ಹೊರಗೆ ಎಳೆದು ವೈರ್‌ಗಳನ್ನು ಕೆಳಗಿನ ಖಾಲಿ ಜಾಗಕ್ಕೆ ಇಳಿಸಿ ಮತ್ತೆ ತಳ್ಳಿ.

ಫ್ರೇಮ್ ಒತ್ತುವ ಮುಂಚೆ ಎಲ್ಲವನ್ನೂ ಒಮ್ಮೆ ಓಡಿಸಿ ನೋಡಿ. ನಾಲ್ಕೂ ಸ್ಪೀಕರ್, ಎಫ್‌ಎಂ, ಬ್ಲೂಟೂತ್, ಹಜಾರ್ಡ್ ಲೈಟ್, ಎಸಿ ಬಟನ್. ಎಂಜಿನ್ ಓಡಿಸಿ ಬ್ಯಾಟರಿ ಮೇಲೆ 13.8ರಿಂದ 14.4 ಇದೆಯೇ ನೋಡಿ. ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಆರದೆ ನಿಂತರೆ ಅಲ್ಲಿಗೇ ಬಿಟ್ಟು ಸರ್ವಿಸ್ ಸೆಂಟರ್‌ಗೆ ಹೋಗಿ. ಹಳೇ ಕಂಪನಿ ಸೆಟ್ಟನ್ನು ಅದರ ಸ್ಕ್ರೂ, ಫ್ರೇಮ್ ಸಮೇತ ಒಂದು ಡಬ್ಬದಲ್ಲಿ ಹಾಕಿ ಅಟ್ಟದ ಮೇಲಿಡಿ. ಕಪ್ಲರ್ ಸರಿಯಿದ್ದರೆ ಕಾರು ಮಾರುವ ದಿನ ಅರ್ಧ ಗಂಟೆಯಲ್ಲಿ ವಾಪಸ್ ಕೂರಿಸಿ, ಹೊಸದನ್ನು ಮುಂದಿನ ಕಾರಿಗೆ ತೆಗೆದುಕೊಂಡು ಹೋಗಬಹುದು.